ಅಗ್ಗದ ಗೇರಿನ ಪಂಡಿತರು

ರೋಡ್ ಬೈಕ್ ಹಿಡಿದು ಊರಾಚೆ ಹೋಗುವ ಗುಂಪು ಯಾವುದೇ ಇರಲಿ, ಅದರಲ್ಲಿ ಅಗ್ಗದ ಗೇರಿನ ಪಂಡಿತರೊಬ್ಬರು ಇದ್ದೇ ಇರುತ್ತಾರೆ. ಭಾನುವಾರ ನಸುಕಿನಲ್ಲಿ ಬೆಂಗಳೂರು ಬಿಟ್ಟು ನಂದಿಬೆಟ್ಟದ ದಾರಿ ಹಿಡಿಯುವ ಸವಾರರ ನಡುವೆ ಇವರನ್ನು ಗುರುತಿಸುವುದು ಕಷ್ಟವೇನಲ್ಲ. ಮಿಕ್ಕವರು ಎದುರಾದವರ ಮುಖ ನೋಡಿ ನಮಸ್ಕಾರ ಹೇಳಿದರೆ, ಇವರು ಮೊದಲು ಬಗ್ಗಿ ಹಿಂದಿನ ಚಕ್ರದ ಆರ್‌ಡಿಯ, ಅಂದರೆ ಚೈನನ್ನು ಸರಿಸಿ ಗೇರು ಬದಲಿಸುವ ಡೀರೈಲರಿನ, ಯೋಗಕ್ಷೇಮ ವಿಚಾರಿಸಿಕೊಂಡು, ಸಮಯ ಉಳಿದರೆ ಅದರ ಯಜಮಾನರನ್ನು ಮಾತಾಡಿಸುತ್ತಾರೆ. ಡಿಸ್ಕ್ ಬ್ರೇಕ್ ಕಂಡರೆ ಅನುಕಂಪ, ಗೇರಿಗೆ ಬ್ಯಾಟರಿ ಕಂಡರೆ ಮೌನ. ರಿಮ್ಮನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಹಳೆಯ ಬಗೆಯ ಬ್ರೇಕು, ಕೇಬಲ್ ಎಳೆದರೆ ಬದಲಾಗುವ ಗೇರು, ಅದೂ ಬೆಲೆಪಟ್ಟಿಯ ಕೆಳಗಿನ ಸಾಲಿನದು ಎಂದಾದರೆ ಮಾತ್ರ ಅವರ ಮುಖ ಅರಳುತ್ತದೆ. ಬೆನ್ನ ಹಿಂದೆ ಜನ ಇವರನ್ನು ಜಿಪುಣರು ಎನ್ನುತ್ತಾರೆ. ಈ ಆರೋಪ ಪೂರ್ತಿ ತಪ್ಪು. ಪಂಡಿತರು ಉಳಿಸಲು ಹೊರಟಿರುವುದು ದುಡ್ಡನ್ನಲ್ಲ, ತಮ್ಮ ಸೈಕಲ್ಲನ್ನು ತಾವೇ ಬಿಚ್ಚಿ ಅರ್ಥಮಾಡಿಕೊಳ್ಳುವ ಹಕ್ಕನ್ನು. ಆ ಹಕ್ಕಿಗಾಗಿ ಅವರು ದುಡ್ಡು, ಸಮಯ, ಗೆಳೆಯರ ತಾಳ್ಮೆ ಮೂರನ್ನೂ ಧಾರಾಳವಾಗಿ ಖರ್ಚು ಮಾಡುತ್ತಾರೆ.

ದುಡ್ಡಿನ ಲೆಕ್ಕವನ್ನೇ ಮೊದಲು ನೋಡೋಣ. ಜಿಪುಣನಾದವನು ಒಂದು ಕೊಂಡು ಅದು ಸವೆಯುವವರೆಗೆ ಬಳಸುತ್ತಾನೆ. ಪಂಡಿತರು ಅಗ್ಗಕ್ಕೆ ಸಿಕ್ಕಿತೆಂದು ಒಂದು ಡೀರೈಲರ್ ಕೊಳ್ಳುತ್ತಾರೆ, ಚೈನನ್ನು ಹಿಡಿಯುವ ಅದರ ಪಂಜರ ಗಿಡ್ಡವಾಯಿತೆಂದು ಉದ್ದ ಪಂಜರದ್ದೊಂದು ಕೊಳ್ಳುತ್ತಾರೆ, ಎರಡಕ್ಕೂ ಹೊಂದುವ, ಕೇಬಲ್ ಎಳೆಯುವ ಶಿಫ್ಟರ್ ಒಂದಿರಲಿ ಎಂದು ಅದನ್ನೂ ತರಿಸುತ್ತಾರೆ. ಮೇಜಿನ ಡ್ರಾಯರಿನಲ್ಲಿ ಜೋಡಿ ಕಳೆದುಕೊಂಡ ಎಡಗಡೆಯ ಶಿಫ್ಟರುಗಳು ವಿಧುರರಂತೆ ಕೂತಿರುತ್ತವೆ. ಅಂಗಡಿಯವನು ಕೇಳುವ ಕೂಲಿ ಹೆಚ್ಚಾಯಿತೆಂದು ಆ ಕೂಲಿಯ ನಾಲ್ಕು ಪಟ್ಟು ಬೆಲೆಯ ಉಪಕರಣ ಕೊಂಡು, ಅದನ್ನು ವರ್ಷಕ್ಕೊಮ್ಮೆ ಬಳಸಿ, ಬಾಕಿ ದಿನಗಳಲ್ಲಿ ಅದರ ಬಗ್ಗೆ ಮಾತಾಡುತ್ತಾರೆ. ಮನೆಯವರು ಕೇಳಿದರೆ ಉಳಿತಾಯದ ಲೆಕ್ಕ ಸಿದ್ಧವಾಗಿರುತ್ತದೆ. ಆ ಲೆಕ್ಕದಲ್ಲಿ ಡ್ರಾಯರು ಬರುವುದಿಲ್ಲ.

ತಾಳ್ಮೆಯ ಖರ್ಚು ಇನ್ನೂ ದೊಡ್ಡದು. ಹೊಸದಾಗಿ ಸವಾರಿ ಶುರುಮಾಡಬೇಕೆಂದಿರುವ ಹುಡುಗನೊಬ್ಬ ಇಡ್ಲಿ ತಟ್ಟೆಯ ಮುಂದೆ ಮುಗ್ಧವಾಗಿ ಕೇಳುತ್ತಾನೆ ಎಂದಿಟ್ಟುಕೊಳ್ಳಿ: “ಸರ್, ಯಾವ ಬೈಕ್ ತಗೊಳ್ಳಲಿ?” ಪಂಡಿತರ ಮರುಪ್ರಶ್ನೆ, ಹಿಂದಿನ ಹಲ್ಲುಚಕ್ರಗಳು ಕೂರುವ ಭಾಗದ ಬಗ್ಗೆ: “ನಿಮ್ಮದು ಯಾವ ಫ್ರೀಹಬ್?” ಹುಡುಗ, “ಇನ್ನೂ ಬೈಕೇ ತಗೊಂಡಿಲ್ಲ ಸರ್.” “ಒಳ್ಳೇದಾಯ್ತು, ತಪ್ಪು ಮಾಡೋ ಮೊದಲೇ ಬಂದ್ರಿ.” ಇಲ್ಲಿಂದಾಚೆ ಹುಡುಗನಿಗೆ ಮಾತಾಡುವ ಅವಕಾಶವಿಲ್ಲ. ಉಪನ್ಯಾಸ ಶುರು: ಶಿಮಾನೋ ಕಂಪನಿಯ ರೋಡ್ ಬೈಕ್ ಗೇರುಗಳ ಸಾಲಿನಲ್ಲಿ ಕ್ಲಾರಿಸ್‌ಗೆ ಹಿಂದೆ 8 ಗೇರು, ಸೋರಾಕ್ಕೆ 9, ಟಿಯಾಗ್ರಾಕ್ಕೆ 10. ಗೇರು ಹೆಚ್ಚಿದಂತೆ ಹಲ್ಲುಚಕ್ರಗಳ ನಡುವಿನ ದೂರ 4.8 ಮಿ.ಮೀ.ನಿಂದ 4.35ಕ್ಕೆ, ಅಲ್ಲಿಂದ 3.95ಕ್ಕೆ ಇಳಿಯುತ್ತದೆ. ಶಿಫ್ಟರ್ ಒಂದು ಸಲ ಕ್ಲಿಕ್ಕೆಂದರೆ ಇಂತಿಷ್ಟೇ ಕೇಬಲ್ ಎಳೆಯುತ್ತದೆ, ಡೀರೈಲರ್ ಅದನ್ನು 1.7 ಪಟ್ಟು ಮಾಡಿ ಚೈನನ್ನು ಪಕ್ಕಕ್ಕೆ ಸರಿಸುತ್ತದೆ. 2.8 ಮಿ.ಮೀ. ಎಳೆದರೆ 8 ಗೇರಿನ ಲೆಕ್ಕ ಸರಿಹೋಯಿತು, 2.3 ಎಳೆದರೆ 10ರದ್ದು. ಇಷ್ಟರಲ್ಲಿ ಇಡ್ಲಿ ಆರಿರುತ್ತದೆ, ಆದರೆ ಕಥೆಯ ಖಳನಾಯಕ ಇನ್ನೂ ರಂಗಕ್ಕೆ ಬಂದಿಲ್ಲ. ಅವನ ಹೆಸರು ಟಿಯಾಗ್ರಾ 4700. ಗೇರು ಹತ್ತೇ ಆದರೂ ಅವನ ಡೀರೈಲರಿನ ಲೆಕ್ಕ 11 ಗೇರಿನವರಂತೆ 1.4 ಪಟ್ಟು, ಹಾಗಾಗಿ ಅವನ ಶಿಫ್ಟರ್ ಹೆಚ್ಚು ಕೇಬಲ್ ಎಳೆಯುತ್ತದೆ. ಇದನ್ನು ತಿಳಿಯದೆ ಅವನ ಶಿಫ್ಟರಿಗೆ ಹಳೆಯ 10 ಗೇರಿನ ಡೀರೈಲರ್ ಕಟ್ಟಿದವರ ಚೈನು ಪ್ರತಿ ಕ್ಲಿಕ್ಕಿಗೂ ಹೆಚ್ಚುಕಡಿಮೆ 4.8 ಮಿ.ಮೀ. ಜಿಗಿಯುತ್ತದೆ, ಅಂದರೆ 10 ಗೇರಿನ ಸೈಕಲ್ಲು 8 ಗೇರಿನದೆಂದು ಭ್ರಮಿಸಿ ಓಡುತ್ತದೆ! ಇಲ್ಲಿಗೆ ಬರುವಾಗ ಪಂಡಿತರ ಕಣ್ಣಲ್ಲಿ ನೀರಾಡುವಷ್ಟು ಸಂತೋಷ. ಹುಡುಗ ಬಿಲ್ಲು ಕೊಟ್ಟು ಬಸ್ಸು ಹಿಡಿಯುತ್ತಾನೆ. ಈ ಅಂಕಿಗಳನ್ನೆಲ್ಲ ಪುಸ್ತಕ ನೋಡದೆ ಬರೆಯುತ್ತಿರುವ ಲೇಖಕನ ಮೇಲೂ ಓದುಗರಿಗೆ ಸಂಶಯ ಹುಟ್ಟಿದ್ದರೆ, ಅದನ್ನು ಸದ್ಯಕ್ಕೆ ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಸಿಟ್ಟು ತರಿಸುವ ಸಂಗತಿಯೆಂದರೆ ಪಂಡಿತರ ಮಾತು ಸರಿಯಾಗಿಯೇ ಇರುತ್ತದೆ. ಇಂದಿನ ಅಗ್ಗದ ಗೇರು ನಿನ್ನೆಯ ದುಬಾರಿ ಗೇರಿನ ಮೊಮ್ಮಗ. 1984ಕ್ಕೆ ಮೊದಲು ರೇಸಿನ ಸೈಕಲ್ಲುಗಳ ಗೇರಿನ ಸನ್ನೆಗೆ ಸಾಮಾನ್ಯವಾಗಿ ನಿಲುಗಡೆಗಳು ಇರುತ್ತಿರಲಿಲ್ಲ. ಪಿಟೀಲು ನುಡಿಸುವವರಂತೆ ಸವಾರ ಕಿವಿಯಿಂದಲೇ ಸ್ಥಾನ ಹುಡುಕಬೇಕಿತ್ತು. ಆ ವರ್ಷ ಶಿಮಾನೋ ತನ್ನ ಅತಿ ದುಬಾರಿ ಡ್ಯುರಾ-ಏಸ್‌ನಲ್ಲಿ ಕ್ಲಿಕ್ಕಿಗೊಂದು ಗೇರು ತಂದು ವೀಣೆಯ ಮೆಟ್ಟಿಲು ಕಟ್ಟಿಕೊಟ್ಟಿತು. 1990ರಲ್ಲಿ ಅದೇ ಡ್ಯುರಾ-ಏಸ್‌ನ ಬ್ರೇಕ್ ಹಿಡಿಯೊಳಗೇ ಶಿಫ್ಟರ್ ಸೇರಿತು, ಕೈ ಎತ್ತದೆ ಗೇರು ಬದಲಿಸುವುದು ಸಾಧ್ಯವಾಯಿತು. ಅಂದು ವೃತ್ತಿ ಸವಾರರಿಗಷ್ಟೇ ಎಟುಕುತ್ತಿದ್ದ ಆ ಎರಡು ಸೌಕರ್ಯಗಳೂ ಇಂದು ಕ್ಲಾರಿಸ್‌ನಲ್ಲಿವೆ. ಮೇಲಿನ ಸಾಲಿನಲ್ಲಿ ಹೆಚ್ಚಿಗೆ ಸಿಗುವುದು ತೂಕದಲ್ಲಿ ಕಡಿತ, ನಡುವೆ ಇನ್ನೊಂದಿಷ್ಟು ಗೇರು, ಬೆರಳಿಗೆ ಹಗುರವಾದ ಕ್ಲಿಕ್ಕು. ಮುಂದೆ 34 ಹಲ್ಲು, ಹಿಂದೆ 32 ಹಲ್ಲು ಇದ್ದರೆ ಏರಿನಲ್ಲಿ ಕಾಲಿಗೆ ಸಿಗುವ ನೆರವು ಎಲ್ಲ ಬೆಲೆಯಲ್ಲೂ ಒಂದೇ, ಬೆಟ್ಟಕ್ಕೆ ಬೆಲೆಚೀಟಿ ಓದಲು ಬರುವುದಿಲ್ಲ. ಗೇರು ಸರಿಯಾಗಿ ಬೀಳುತ್ತಿಲ್ಲ ಎಂಬ ದೂರುಗಳಲ್ಲಿ ಬಹುಪಾಲಿಗೆ ಕಾರಣ ಅಗ್ಗದ ಡೀರೈಲರ್ ಅಲ್ಲ, ಕೊಳೆ ತುಂಬಿದ ಕೇಬಲ್ ಅಥವಾ ಸೈಕಲ್ಲು ಬಿದ್ದಾಗ ಸೊಟ್ಟಗಾದ, ಡೀರೈಲರ್ ಹೊತ್ತ ಹ್ಯಾಂಗರ್. ಸತ್ತೇ ಹೋಯಿತೆಂದು ಬಿಸಾಡಿದ ಹಳೆಯ ಶಿಫ್ಟರಿನೊಳಗೆ ಗ್ರೀಸು ಗಟ್ಟಿಯಾಗಿ ಹಲ್ಲು ಕಚ್ಚದೆ ಹೋಗಿರುತ್ತದೆ, ಅಷ್ಟೇ. ಪಂಡಿತರು ಎಣ್ಣೆ ಹೊಡೆದು ಅದನ್ನು ಬದುಕಿಸಿ ತೋರಿಸಿದಾಗ, ಹಿಂದಿನ ವಾರದ ಉಪನ್ಯಾಸವನ್ನು ಕ್ಷಮಿಸಿಬಿಡೋಣ ಎನ್ನಿಸುತ್ತದೆ.

ಪಂಡಿತರ ಈ ನಿಲುವಿಗೆ ಮೊದಲ ಆಕ್ಷೇಪ, ಇದು ಹೊಸದನ್ನು ಕಂಡರಾಗದವರ ಹಟ ಎಂಬುದು. ಆಕ್ಷೇಪದಲ್ಲಿ ತೂಕವಿದೆ. ಮಳೆಯಲ್ಲಿ ರಿಮ್ ಬ್ರೇಕಿನ ರಬ್ಬರು ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಡಿಸ್ಕಿಗೆ ಆ ತೊಡಕು ಕಡಿಮೆ. ಹಟದ ಇತಿಹಾಸವೂ ಹಳೆಯದು. 1903ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯ ಶುರುಮಾಡಿದ ಆನ್ರಿ ದೆಗ್ರಾಂಜ್‌ಗೆ ಡೀರೈಲರ್ ಕಂಡರೆ ಆಗುತ್ತಿರಲಿಲ್ಲ. ಅವರು ಟೂರ್ ನಡೆಸುವ ಹೊಣೆಯಿಂದ ಸರಿದ ಮೇಲೆ 1937ರಲ್ಲಷ್ಟೇ ಅದಕ್ಕೆ ಅಲ್ಲಿ ಪ್ರವೇಶ ಸಿಕ್ಕಿತು. ಅಲ್ಲಿಯವರೆಗೆ ಸವಾರರು ಬೆಟ್ಟದ ಬುಡದಲ್ಲಿ ಇಳಿದು ಹಿಂದಿನ ಚಕ್ರ ಬಿಚ್ಚಿ ತಿರುಗಿಸಿ ಹಾಕಿ, ಆ ಬದಿಯ ಹಲ್ಲುಚಕ್ರಕ್ಕೆ ಚೈನು ಹೊಂದಿಸುತ್ತಿದ್ದರು. ಇಂದು ಯಾವ ಡೀರೈಲರನ್ನು ಸರಳತೆಯ ಕೊನೆಯ ಕೋಟೆಯೆಂದು ಪಂಡಿತರು ಕಾಯುತ್ತಿದ್ದಾರೋ, ಅದೇ ಅಂದು ದೆಗ್ರಾಂಜ್‌ಗೆ ಸೋಮಾರಿಗಳ ಸಾಧನವಾಗಿ ಕಂಡಿತ್ತು. ಆದರೂ ಎರಡಕ್ಕೂ ವ್ಯತ್ಯಾಸವಿದೆ. ದೆಗ್ರಾಂಜ್ ಅವರ ಹಟದಲ್ಲಿ ಇತರರಿಗೆ ಅನುಕೂಲ ಸಿಗದಂತೆ ತಡೆಯುವ ಅಧಿಕಾರವಿತ್ತು, ಪಂಡಿತರಿಗಿರುವುದು ಇಡ್ಲಿ ಆರಿಸುವ ಅಧಿಕಾರ ಮಾತ್ರ. ಮೇಲಾಗಿ ಇವರು ಕಾಯುತ್ತಿರುವುದು ತೀರಾ ಸತ್ತ ಸರಕನ್ನೂ ಅಲ್ಲ. 2020ರಲ್ಲಿ ತಾದೇಯ್ ಪೊಗಾಚಾರ್ ಟೂರ್ ಗೆದ್ದಾಗ ಅವರ ಸೈಕಲ್ಲಿನಲ್ಲಿ ಇದ್ದುದು ರಿಮ್ ಬ್ರೇಕೇ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಇಳಿಜಾರಿನಲ್ಲಿ ಪ್ರಾಣ ಕೈಯಲ್ಲಿ ಹಿಡಿದು ಓಡುವ ವಾಹನಕ್ಕೆ ಅಗ್ಗದ ಸಾಮಾನು ಹಾಕುವುದು ಬುದ್ಧಿವಂತಿಕೆಯೇ? ಈ ಪ್ರಶ್ನೆಗೆ ಪಂಡಿತರ ಉತ್ತರ ಅವರ ಉತ್ತರಗಳಲ್ಲೆಲ್ಲ ಚಿಕ್ಕದು, ಬಹುಶಃ ಅದಕ್ಕೇ ಅತ್ಯುತ್ತಮವಾದದ್ದು. ಗೇರು ಕೈಕೊಟ್ಟರೆ ನಂದಿಬೆಟ್ಟ ಹತ್ತುವಾಗ ಗೊತ್ತಾಗುತ್ತದೆ, ಬ್ರೇಕು ಕೈಕೊಟ್ಟರೆ ಇಳಿಯುವಾಗ. ಆದ್ದರಿಂದ ಅವರು ಶಿಫ್ಟರಿನಲ್ಲಿ ಚೌಕಾಸಿ ಮಾಡುತ್ತಾರೆ, ಬ್ರೇಕ್ ರಬ್ಬರಿನಲ್ಲಿ ಮಾಡುವುದಿಲ್ಲ. ರಿಮ್ಮಿನ ಗೋಡೆ ತೆಳುವಾಯಿತೇ ಎಂದು ಆಗಾಗ ಬೆರಳಾಡಿಸಿ ನೋಡುತ್ತಾರೆ. ದೂರದ ಸವಾರಿಯಲ್ಲಿ ಈ ಜ್ಞಾನದ ಬೆಲೆ ಹೆಚ್ಚುತ್ತದೆ. 200 ಕಿ.ಮೀ.ಯನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕಾದ ಬ್ರೆವೆ ಎಂಬ ಸವಾರಿಯಲ್ಲಿ ಗೇರಿನ ಕೇಬಲ್ ಹರಿದರೆ ಚೈನು ಸ್ಪ್ರಿಂಗಿನ ಎಳೆತಕ್ಕೆ ಅತಿ ಚಿಕ್ಕ ಹಲ್ಲುಚಕ್ರಕ್ಕೆ, ಅಂದರೆ ತುಳಿಯಲು ಅತಿ ಭಾರದ ಗೇರಿಗೆ ಬಂದು ಕೂರುತ್ತದೆ. ತಿಳಿಯದವರು ಅಲ್ಲಿಗೆ ಸವಾರಿ ಮುಗಿಯಿತು ಎನ್ನುತ್ತಾರೆ. ಪಂಡಿತರು ಡೀರೈಲರಿನ ಮಿತಿಯ ಸ್ಕ್ರೂ ಒಳಗೆ ತಿರುಗಿಸಿ ಚೈನನ್ನು ಒಂದೆರಡು ಚಕ್ರ ಮೇಲೆ ನಿಲ್ಲಿಸಿ ಗುರಿಯವರೆಗೆ ತುಳಿಯುತ್ತಾರೆ. ದುಡ್ಡು ಕೊಟ್ಟು ಮೆಕ್ಯಾನಿಕ್ಕಿನಿಂದ ಮಾಡಿಸಿಕೊಳ್ಳಬಾರದೇ ಎಂದು ಕೇಳುವವರಿಗೆ ಉತ್ತರವೂ ಇಲ್ಲೇ ಇದೆ. ಮೆಕ್ಯಾನಿಕ್ಕು ಇಲ್ಲದ ಜಾಗದಲ್ಲೇ ಕೇಬಲ್ ಹರಿಯುತ್ತದೆ.

ಈಗ ಕಾಲ ಪಂಡಿತರ ಕಾಲಡಿಯ ನೆಲವನ್ನೇ ಎಳೆಯುತ್ತಿದೆ. 2021ರಲ್ಲಿ ಶಿಮಾನೋದ ಮೇಲಿನ ಸಾಲುಗಳಾದ ಡ್ಯುರಾ-ಏಸ್ ಮತ್ತು ಅಲ್ಟೆಗ್ರಾ ಹೊಸ ರೂಪದಲ್ಲಿ ಬಂದಾಗ ಅವುಗಳಲ್ಲಿ ಕೇಬಲ್ಲಿನ ಶಿಫ್ಟರ್ ಇರಲಿಲ್ಲ. 2023ರಲ್ಲಿ ಅವುಗಳ ಕೆಳಗಿನ ‘105’ ಎಂಬ ಸಾಲು 12 ಗೇರಿನೊಂದಿಗೆ ಕೇಬಲ್ಲಿನಲ್ಲಿ ಬಂತು, ಆದರೆ ಡಿಸ್ಕ್ ಬ್ರೇಕಿಗೆ ಮಾತ್ರ. ಕೇಬಲ್ಲು ಮತ್ತು ರಿಮ್ ಬ್ರೇಕು ಜೊತೆಯಾಗಿ ಸಿಗಬೇಕೆಂದರೆ ಕೆಳಗಿನ ಸಾಲುಗಳಿಗೆ ಇಳಿಯಬೇಕು, ಇಲ್ಲವೇ ತೈವಾನಿನ ಮೈಕ್ರೋಶಿಫ್ಟ್, ಚೀನಾದ ಸೆನ್ಸಾ, ಎಲ್‌ಟ್ವೂ ಕಡೆ ತಿರುಗಬೇಕು. ಹಿಂದೆ ಆಯ್ಕೆಯಾಗಿದ್ದ ಅಗ್ಗದ ಗೇರು ಈಗ ಅವರಿಗೆ ಅನಿವಾರ್ಯವಾಗುತ್ತಿದೆ. ಇಲ್ಲಿ ಸೋಲುತ್ತಿರುವವರು ಪಂಡಿತರೊಬ್ಬರೇ ಅಲ್ಲ. ಕೊನೆಗೆ ಯೋಚಿಸಿ ನೋಡಿದರೆ, ಕೇಬಲ್ಲಿನ ಡೀರೈಲರ್ ನೋಡಿದವರಿಗೆಲ್ಲ ತಾನು ಕೆಲಸ ಮಾಡುವ ಬಗೆಯನ್ನು ತೋರಿಸುತ್ತದೆ. ಕೊಂಡವನೇ ಬಿಚ್ಚಬಹುದಾದ, ಬಿಚ್ಚಿದವನೇ ಜೋಡಿಸಬಹುದಾದ ವಸ್ತುಗಳು ಮನೆಯಲ್ಲಿ ಕಡಿಮೆಯಾದಷ್ಟೂ ನಾವು ಬರಿಯ ಗಿರಾಕಿಗಳಾಗುತ್ತ ಹೋಗುತ್ತೇವೆ. ಹಳೆಯ ಸೈಕಲ್ಲೊಂದನ್ನು ಕಡಿಮೆ ಖರ್ಚಿನಲ್ಲಿ ಓಡಿಸಿಕೊಂಡು ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ ಪಂಡಿತರ ತಲೆಯಲ್ಲಿರುವುದು ನಿಜವಾದ ಆಸ್ತಿ. ಅದು ಅವನಿಗೆ ತಲುಪಬೇಕಾದರೆ ಉಪನ್ಯಾಸ ಸಾಲದು, ಸ್ಕ್ರೂಡ್ರೈವರನ್ನು ಅವನ ಕೈಗೆ ಕೊಟ್ಟು ಅವನು ತಪ್ಪು ತಿರುಗಿಸುವುದನ್ನು ನೋಡುತ್ತ ಪಕ್ಕದಲ್ಲಿ ಬಾಯಿ ಮುಚ್ಚಿ ಕೂರಬೇಕು. ಕೇಬಲ್ ಬಿಗಿ ಹೆಚ್ಚಾದಾಗ ಬಿಗಿ ಹೊಂದಿಸುವ ಬ್ಯಾರೆಲನ್ನು ಒಂದೇ ಸಲಕ್ಕೆ ತಿರುಚಬಾರದು, ಕಾಲು ಸುತ್ತು ಸಡಿಲಿಸಿ ನೋಡಬೇಕು ಎಂದು ಊರಿಗೆಲ್ಲ ಹೇಳುವ ಪಂಡಿತರು ನಾಲಿಗೆಯನ್ನೂ ಅಷ್ಟೇ ಸಡಿಲಿಸಿ ನೋಡಲಿ. ಮುಂದಿನ ಭಾನುವಾರ ಹುಡುಗರು ತಾವಾಗಿಯೇ ಬಂದು ಅವರ ಪಕ್ಕ ಕೂತಾರು.