ಪ್ರೇಕ್ಷಕಾಕರ್ಷಣ ಮೀಮಾಂಸೆ

ವಿದ್ಯಾರ್ಥಿಗಳು ತೆಗೆಯುವ ಥ್ರಿಲ್ಲರ್ ಕಿರುಚಿತ್ರವು ತನ್ನ ಉದ್ದಿಷ್ಟ ಪ್ರೇಕ್ಷಕನನ್ನು ಹೇಗೆ ಸೆಳೆಯುತ್ತದೆ ಎಂಬ ವಿಚಾರವನ್ನು ಭರತಮುನಿ ಎತ್ತಿಕೊಂಡಿಲ್ಲ. ನಾಟ್ಯಶಾಸ್ತ್ರದ 36 ಅಧ್ಯಾಯಗಳಲ್ಲಿ (37 ಎಂಬ ಪಾಠಾಂತರವೂ ಉಂಟು) ರಂಗಮಂಟಪದ ಕಂಬಗಳಿಂದ ಹಿಡಿದು ಹುಬ್ಬಿನ ಚಲನೆಯವರೆಗೆ ಎಲ್ಲಕ್ಕೂ ಜಾಗವಿದೆ. ಹಾಸ್ಟೆಲ್ ಕಾರಿಡಾರಿಗೆ ಮಾತ್ರ ಇಲ್ಲ. ಈ ಲೋಪವನ್ನು ಸರಿಪಡಿಸುವ ಹೊಣೆ ಪ್ರಸ್ತುತ ಲೇಖಕನ ಹೆಗಲೇರಿದ್ದು ಅಕ್ಕನ ಮಗನಿಂದ. ಇಂಜಿನಿಯರಿಂಗ್ ಆರನೇ ಸೆಮಿಸ್ಟರಿನಲ್ಲಿರುವ ಆತ 11 ನಿಮಿಷದ ಥ್ರಿಲ್ಲರ್ ಒಂದನ್ನು ತೆಗೆದಿದ್ದಾನೆ. ಅದರಲ್ಲಿ ಹೆಣದ ಪಾತ್ರ ಪ್ರಸ್ತುತ ಲೇಖಕನದು. "ಮಾವ, ನಿಮಗೆ ಆ್ಯಕ್ಟಿಂಗೇ ಬೇಡ, ಹಾಗೇ ಮಲಗಿದ್ರೆ ಸಾಕು" ಎಂದು ಒಪ್ಪಿಸಿದ್ದ. ಆದ್ದರಿಂದ ಈ ಪ್ರಬಂಧದ ಲೇಖಕನಿಗೆ ವಿಷಯದ ಒಳಗೇ ಬಿದ್ದಿದ್ದ ಅಧಿಕಾರವಿದೆ.

ಯಾವುದೋ ಚಿತ್ರೋತ್ಸವದ ಅರ್ಜಿಯಲ್ಲಿ ‘ಟಾರ್ಗೆಟ್ ಆಡಿಯನ್ಸ್’ ಎಂಬ ಖಾನೆಯಿತ್ತು. ಹುಡುಗ ಅದರಲ್ಲಿ "18ರಿಂದ 25 ವಯಸ್ಸಿನ ಥ್ರಿಲ್ಲರ್ ಪ್ರಿಯರು" ಎಂದು ತುಂಬಿದ. ನಮ್ಮ ಪೂರ್ವಪಕ್ಷ ಇಷ್ಟೇ.

ಮೊದಲು ಲಕ್ಷಣ. ಭಯಾನಕ ರಸಕ್ಕೆ ಬಣ್ಣ ಕಪ್ಪು, ಅಧಿದೇವತೆ ಕಾಲ ಎಂದು ಭರತ ವಿಧಿಸಿದ್ದಾನೆ. ವಿದ್ಯಾರ್ಥಿ ಥ್ರಿಲ್ಲರ್‌ಗಳು ಈ ವಿಧಿಯನ್ನು ಚಾಚೂ ತಪ್ಪದೆ ಪಾಲಿಸುವುದನ್ನು ಕಂಡು ಲೇಖಕ ಮೊದಲು ರೋಮಾಂಚನಗೊಂಡದ್ದುಂಟು. ವಿಚಾರಿಸಲಾಗಿ, ಲೈಟು ಬಾಡಿಗೆಗೆ ದುಡ್ಡಿರಲಿಲ್ಲವೆಂದು ತಿಳಿಯಿತು. ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಕತ್ತಲೆಯೊಂದೇ ಚೆನ್ನಾಗಿ ಬರುತ್ತದೆ. ಹನಿ ಹನಿಯಾಗಿ ತೊಟ್ಟಿಕ್ಕುವ ನಲ್ಲಿಯನ್ನು ಉದ್ದೀಪನ ವಿಭಾವವೆಂದು ಪಂಡಿತರು ವ್ಯಾಖ್ಯಾನಿಸಬಹುದು. ಹಾಸ್ಟೆಲಿನ ನಲ್ಲಿ ಸಿನಿಮಾ ಶುರುವಾಗುವ ಮೊದಲೂ ತೊಟ್ಟಿಕ್ಕುತ್ತಿತ್ತು, ಈಗಲೂ ತೊಟ್ಟಿಕ್ಕುತ್ತಿದೆ. ಕೊಲೆಗಾರ ಟೋಪಿ ಇರುವ ಕಪ್ಪು ಜಾಕೆಟ್ ತೊಟ್ಟು ಮುಖ ಮುಚ್ಚಿಕೊಳ್ಳುವುದು ಆ ಪಾತ್ರವನ್ನು ಮೂವರು ಸರದಿಯ ಮೇಲೆ ಮಾಡಿದ್ದರಿಂದ. ಮೊದಲನೆಯವನಿಗೆ ಇಂಟರ್ನಲ್ಸ್ ಇತ್ತು, ಎರಡನೆಯವನಿಗೆ ಜ್ವರ.

ಶೀರ್ಷಿಕೆಯ ವಿಷಯ. ಸುನೀಲ್ ಕುಮಾರ್ ದೇಸಾಯಿಯವರು ‘ತರ್ಕ’ (1989), ‘ಉತ್ಕರ್ಷ’ (1990), ‘ನಿಷ್ಕರ್ಷ’ (1993) ಎಂದು ಹೆಸರಿಡುತ್ತಿದ್ದ ಕಾಲದಲ್ಲಿ ಅರ್ಧ ಭಯ ಅರ್ಕಾವತ್ತಿನಲ್ಲೇ ಹುಟ್ಟುತ್ತಿತ್ತು. ಈಗಿನ ವಿದ್ಯಾರ್ಥಿಗಳು ಕೋಣೆಯ ನಂಬರನ್ನೋ ಇಂಗ್ಲಿಷಿನ ಒಂದು ಪದವನ್ನೋ ಇಟ್ಟು ಮುಂದೆ ಮೂರು ಚುಕ್ಕಿ ಹಾಕುತ್ತಾರೆ. ಚುಕ್ಕಿ ಮೂರೇ ಏಕೆ ಎಂಬುದಕ್ಕೆ ಪ್ರತ್ಯೇಕ ಪ್ರಬಂಧ ಬೇಕು.

ಇನ್ನು ಆಕರ್ಷಣೆ. ಪೂರ್ವರಂಗದ ಅಂಗಗಳಲ್ಲಿ ‘ಪ್ರರೋಚನಾ’ ಎಂಬುದೊಂದಿದೆ: ನಾಟಕವನ್ನು ಹೊಗಳಿ ಸಭಿಕರಲ್ಲಿ ರುಚಿ ಹುಟ್ಟಿಸುವ ಕ್ರಮ. ಇಂದಿನ ಟೀಸರ್ ಇದೇ ಎಂಬುದು ಲೇಖಕನ ದೃಢಮತ. ಪ್ರಕೃತ ಚಿತ್ರದಲ್ಲಿ ಪ್ರರೋಚನೆಯು ಟೈಟಲ್ ಪೋಸ್ಟರ್, ಫಸ್ಟ್ ಲುಕ್, ಟೀಸರ್ ಬರಲಿದೆಯೆಂಬ ಪೋಸ್ಟರ್, ಟೀಸರ್, ಟೀಸರ್ ಬಂದಿದೆಯೆಂಬ ಪೋಸ್ಟರ್ ಎಂದು ಆರು ವಾರ ನಡೆಯಿತು. ಶೂಟಿಂಗ್ ಎರಡೇ ರಾತ್ರಿ.

ಇದಕ್ಕೆ ಪಾಶ್ಚಾತ್ಯರ ಆಧಾರವೂ ಇದೆ. ಆಲ್ಫ್ರೆಡ್ ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ಬಿಡುಗಡೆ ಮಾಡಿದಾಗ, ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಕಟ್ಟಪ್ಪಣೆ ಮಾಡಿದ. ಜನ ಹೊರಗೆ ಸಾಲುಗಟ್ಟಿ ನಿಂತರು. 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ: ಮೂವರು ಚಿತ್ರವಿದ್ಯಾರ್ಥಿಗಳು ಕಾಡಿನಲ್ಲಿ ಕಾಣೆಯಾದ ಕಥೆ. ಡೇನಿಯಲ್ ಮೈರಿಕ್, ಎಡುವಾರ್ಡೋ ಸಾಂಚೆಸ್ ಎಂಬ ಇಬ್ಬರು ನಿರ್ದೇಶಕರು ಬಿಡುಗಡೆಗೆ ಮುಂಚೆ ಕಥೆ ನಿಜವೆಂಬಂತೆ ವೆಬ್‌ಸೈಟ್ ತೆರೆದರು, ‘ಕಾಣೆಯಾಗಿದ್ದಾರೆ’ ಎಂಬ ಕರಪತ್ರಗಳನ್ನು ಹಂಚಿಸಿದರು. ಅತ್ಯಲ್ಪ ದುಡ್ಡಿನ ಆ ಚಿತ್ರ ಜಗತ್ತಿನಾದ್ಯಂತ ಸುಮಾರು 25 ಕೋಟಿ ಡಾಲರ್ ಗಳಿಸಿತು.

ಇದನ್ನು ಓದಿದ ಅಕ್ಕನ ಮಗ ಸುಮ್ಮನಿರುವ ಜಾತಿಯಲ್ಲ. ಒಂದು ಭಾನುವಾರ ಬೆಳಗ್ಗೆ ಪ್ರಸ್ತುತ ಲೇಖಕನ ಭಾವಚಿತ್ರದ ಮೇಲೆ ಕೆಂಪಕ್ಷರದಲ್ಲಿ ‘ಕಾಣೆಯಾಗಿದ್ದಾರೆ’ ಎಂದು ಬರೆದು, ಸಿನಿಮಾದ ಹೆಸರನ್ನು ಇರುವೆಗಾತ್ರದಲ್ಲಿ ಕೆಳಗೆ ಸೇರಿಸಿ ವಾಟ್ಸಾಪಿನಲ್ಲಿ ಹರಿಯಬಿಟ್ಟ. ಪ್ರೇಕ್ಷಕಾಕರ್ಷಣೆ ಹೇಗೆ ನಡೆಯುತ್ತದೆಂಬುದನ್ನು ಲೇಖಕ ಪ್ರತ್ಯಕ್ಷ ಪ್ರಮಾಣದಿಂದ ಕಂಡದ್ದು ಅಂದು. ಮೊದಲ ಕರೆ ತಿಪಟೂರಿನ ದೊಡ್ಡಮ್ಮನದು, ಫೋನೆತ್ತಿದ್ದು ಕಾಣೆಯಾದವನೇ ಆದರೂ ಆಕೆ "ಅವನು ಸಿಕ್ಕಿದನೇನಪ್ಪಾ?" ಎಂದು ಅವನನ್ನೇ ಕೇಳಿ ಅತ್ತರು. ಹಾಲಿನವನು ಬಾಗಿಲಿಗೇ ಬಂದು ನೋಡಿ ಹೋದ. ಎದುರುಮನೆಯವರು ಹೆಂಡತಿಯನ್ನು ಪಕ್ಕಕ್ಕೆ ಕರೆದು "ಮನೇಲಿ ಏನಾದ್ರೂ ಮಾತುಕತೆ ಆಗಿತ್ತಾ?" ಎಂದು ಮೆಲ್ಲಗೆ ವಿಚಾರಿಸಿದರು. ನಿಜವಾದ ಭಯ, ಅಂದರೆ ವಿಭಾವ ಅನುಭಾವ ಸಂಚಾರಿಗಳೆಲ್ಲ ಕೂಡಿಬಂದ ಭಯ, ಕಂಡದ್ದು ಚೀಟಿ ನಡೆಸುವ ಮಹನೀಯರ ದನಿಯಲ್ಲಿ. ಆ ತಿಂಗಳ ಕಂತು ಬಾಕಿಯಿತ್ತು.

ಅಂದು ಆಕರ್ಷಿತರಾದವರಲ್ಲಿ 18ರಿಂದ 25ರೊಳಗಿನವರು ಒಬ್ಬರೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಆ ವಯಸ್ಸಿನವರು ಪೋಸ್ಟರಿಗೆ ಹೆಬ್ಬೆರಳು ತೋರಿಸಿ ಮುಂದೆ ಸಾಗಿದ್ದರು.

ಪ್ರದರ್ಶನ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ. ಗದ್ದಲವಿಲ್ಲದೆ, ಕ್ಷೋಭೆಯಿಲ್ಲದೆ, ರಂಗ ತುಂಬಿದ್ದರೆ ಅದು ದೈವೀ ಸಿದ್ಧಿ ಎಂದು ನಾಟ್ಯಶಾಸ್ತ್ರ ಹೇಳುತ್ತದೆ. ಹಾಲ್ ತುಂಬಿತ್ತು, ಏಕೆಂದರೆ ಅಟೆಂಡೆನ್ಸ್ ಕೊಡುವುದಾಗಿ ಸರ್ಕ್ಯುಲರ್ ಬಂದಿತ್ತು. ಗದ್ದಲವಿರಲಿಲ್ಲ, ಏಕೆಂದರೆ ಎಲ್ಲರೂ ಮೊಬೈಲ್ ನೋಡುತ್ತಿದ್ದರು. ದೈವೀ ಸಿದ್ಧಿ ಇಷ್ಟು ಸುಲಭವೆಂದು ಲೇಖಕನಿಗೆ ಗೊತ್ತಿರಲಿಲ್ಲ. ಪ್ರೇಕ್ಷಕ ತನ್ನದೇ ಸುಖದುಃಖದಲ್ಲಿ ಮುಳುಗಿರುವುದು ರಸಕ್ಕೊಂದು ವಿಘ್ನವೆಂದು ಅಭಿನವಗುಪ್ತ ಗುರುತಿಸಿ, ಗಾನ, ವಾದ್ಯ, ಅಲಂಕೃತ ಮಂಟಪಗಳನ್ನು ಪರಿಹಾರವಾಗಿ ಸೂಚಿಸುತ್ತಾನೆ. ಸಂಘಟಕರು ಎಗ್ ಪಫ್ಸ್ ತರಿಸಿದ್ದರು. ಪಫ್ಸ್ ಬಂದದ್ದು ಮೂರನೇ ನಿಮಿಷಕ್ಕೆ; ನಾಯಕ ಕಾರಿಡಾರಿನಲ್ಲಿ ನಡೆಯಲು ಶುರುಮಾಡಿದ್ದೂ ಆಗಲೇ. ನಾಲ್ಕು ನಿಮಿಷ ನಡೆದ. ಮೇಜಿನ ಕೆಳಗೆ ಬಾಂಬಿದೆಯೆಂದು ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದರೆ 15 ನಿಮಿಷ ಆತಂಕದಲ್ಲಿ ಕೂರಿಸಬಹುದು, ಗೊತ್ತಿಲ್ಲದಿದ್ದರೆ ಸಿಗುವುದು 15 ಸೆಕೆಂಡಿನ ಬೆಚ್ಚು ಮಾತ್ರ ಎಂಬುದು ಹಿಚ್‌ಕಾಕನ ಪ್ರಸಿದ್ಧ ಸಿದ್ಧಾಂತ. ಇಲ್ಲಿ ಮೇಜೂ ಇರಲಿಲ್ಲ. ಕ್ರಿಸ್ಟೋಫರ್ ನೋಲನ್ 1997ರಲ್ಲಿ ಒಂದು ಕೋಣೆ, ಒಬ್ಬ ಮನುಷ್ಯ, ಒಂದು ಬೂಟು ಇಟ್ಟುಕೊಂಡು ‘ಡೂಡಲ್‌ಬಗ್’ ಅನ್ನು ಮೂರು ನಿಮಿಷದಲ್ಲಿ ಮುಗಿಸಿದನೆಂದು ಹುಡುಗನಿಗೆ ನೆನಪಿಸಲಾಗಿ, "ಅವನಿಗೆ ರೂಮ್‌ಮೇಟ್ ಇರಲಿಲ್ಲ ಮಾವ, ಇವನ ಶಾಟ್ ಕಟ್ ಮಾಡಿದ್ರೆ ರಾತ್ರಿ ಮಲಗೋಕೆ ಬಿಡಲ್ಲ" ಎಂದ.

ಭರತ ಎಣಿಸಿದ 33 ವ್ಯಭಿಚಾರಿಭಾವಗಳಲ್ಲಿ ಆಲಸ್ಯ, ನಿದ್ರಾ, ಸುಪ್ತ ಮೂರೂ ಇವೆ. ಯುವ ಪ್ರೇಕ್ಷಕರಲ್ಲಿ ಈ ಮೂರೂ ಅನುಕ್ರಮವಾಗಿ ಉದಿಸಿದವು.

ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ, ಭಾವ, ದೊಡ್ಡಮ್ಮ, ಚೀಟಿಯವರು ಮಾತ್ರ ಕಣ್ಣು ಮಿಟುಕಿಸಲಿಲ್ಲ. ರಸ ಹುಟ್ಟಬೇಕಾದರೆ ಇಂಥವನು, ಇಂಥ ಊರಿನವನು ಎಂಬ ವಿಶೇಷಗಳು ಅಳಿಸಿಹೋಗಬೇಕು, ಅದೇ ಸಾಧಾರಣೀಕರಣ ಎಂದು ಭಟ್ಟನಾಯಕ ಕಲಿಸಿದ್ದಾನೆ. ಕೊಲೆಗಾರ ಚಾಕು ಎತ್ತಿದಾಗ ಅಕ್ಕ "ನಮ್ಮನೇದು! ಹದಿನೈದು ದಿನದಿಂದ ಹುಡುಕ್ತಿದ್ದೆ" ಎಂದಳು. ಚಿತ್ರದ ಕುದುರೆಯನ್ನು ನೋಡಿ ಕುದುರೆಯೆನ್ನುವಂತೆ ನಟನಲ್ಲಿ ಪಾತ್ರವನ್ನು ಕಾಣುತ್ತೇವೆಂದು ಶಂಕುಕ ವಾದಿಸಿದ. ಹೆಣ ತೆರೆಯ ಮೇಲೆ ಬಂದಾಗ ದೊಡ್ಡಮ್ಮ "ಹೊಟ್ಟೆ ಆಡ್ತಿದೆ, ಸದ್ಯ" ಎಂದು ಕೈಮುಗಿದರು. ಇದನ್ನು ಲೇಖಕ ‘ಅಸಾಧಾರಣೀಕರಣ’ ಎಂದು ಕರೆಯಲಿಚ್ಛಿಸುತ್ತಾನೆ. ವಿದ್ಯಾರ್ಥಿ ಥ್ರಿಲ್ಲರ್ ಇದರ ಬಲದಿಂದ ಓಡುತ್ತದೆ. ಬಂದವರೆಲ್ಲ ಬಂದದ್ದು ನಮ್ಮವರನ್ನು ನೋಡಲು, ಕೊಲೆ ಪ್ರಾಸಂಗಿಕ.

ಯೂಟ್ಯೂಬಿನ ಗ್ರಾಫೂ ಇದನ್ನೇ ಸಾರುತ್ತದೆ. ಅರ್ಧ ನಿಮಿಷಕ್ಕೇ ಕುಸಿಯುವ ಗೆರೆ, ಏಳನೇ ನಿಮಿಷದ ನಲವತ್ತನೇ ಸೆಕೆಂಡಿನಲ್ಲಿ ಗೋಪುರದಂತೆ ಏಳುತ್ತದೆ. ಹೆಣ ಕಾಣಿಸುವುದು ಅಲ್ಲಿ. ಬಂಧುಗಳು ನೇರವಾಗಿ ಅಲ್ಲಿಗೇ ಎಳೆದುಕೊಂಡು ನೋಡುತ್ತಾರೆ. ಚಿತ್ರದ ನಾಯಕನಿಗೆ ಇದನ್ನು ಇನ್ನೂ ತೋರಿಸಿಲ್ಲ.

ಹುಡುಗ ಮುಂದಿನ ಅರ್ಜಿಯಲ್ಲಿ ಆ ಖಾನೆಯನ್ನು ತಿದ್ದಲು ಒಪ್ಪಿಲ್ಲ. ‘45ಕ್ಕೆ ಮೇಲ್ಪಟ್ಟ ಸಂಬಂಧಿಕರು’ ಎಂದು ಬರೆದರೆ ಚಿತ್ರೋತ್ಸವದವರು ತೆಗೆದುಕೊಳ್ಳುವುದಿಲ್ಲವಂತೆ.

ಓದುಗರಲ್ಲಿ ಒಂದು ಅರಿಕೆ. ಆ ‘ಕಾಣೆಯಾಗಿದ್ದಾರೆ’ ಪೋಸ್ಟರು ಈಗಲೂ ಕೆಲವು ಗುಂಪುಗಳಲ್ಲಿ ಸುತ್ತುತ್ತಿದೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಪ್ರಸ್ತುತ ಲೇಖಕ ಮನೆಯಲ್ಲೇ ಇದ್ದಾನೆ. ಚೀಟಿ ದುಡ್ಡನ್ನೂ ಕಟ್ಟಿದ್ದಾನೆ.