ಆಫ್ ಮಾಡಿ, ಹೇಳ್ತೀನಿ

ರಾಧಾಕೃಷ್ಣನ್ ಅವರ ಗಾಡಿ ಎಳೆದ ಮನೆತನಕ್ಕೆ ಸೇರದ ಹಿರಿಯರು ಮೈಸೂರಿನಲ್ಲಿ ಸಿಗುವುದು ಕಷ್ಟ. ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಹೇಳುತ್ತಿದ್ದ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟು ನಿಂತಾಗ, ಹುಡುಗರು ಗಾಡಿಗೆ ಹೂವು ಕಟ್ಟಿ ತಾವೇ ರೈಲ್ವೆ ಸ್ಟೇಷನ್ನಿನ ತನಕ ಎಳೆದುಕೊಂಡು ಹೋದದ್ದು ಲೋಕಕ್ಕೆಲ್ಲ ತಿಳಿದ ಕತೆ. ಎಳೆದವರು ಇಷ್ಟೊಂದು ಜನ ಅಂತ ಮಾತ್ರ ನನಗೆ ತಿಳಿದಿರಲಿಲ್ಲ. ಒಬ್ಬರ ತಂದೆ ಎಳೆದಿದ್ದಾರೆ, ಇನ್ನೊಬ್ಬರ ಸೋದರಮಾವ ಎಳೆದಿದ್ದಾರೆ, ಮತ್ತೊಬ್ಬರು ಬಾಡಿಗೆಗಿದ್ದ ಮನೆಯ ಯಜಮಾನರು ಎಳೆದಿದ್ದಾರೆ. ಇವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರೆ ಗಾಡಿಯ ಚಕ್ರ ಉರುಳಬೇಕಾದ್ದೇ ಇರಲಿಲ್ಲ, ಕೈಯಿಂದ ಕೈಗೆ ದಾಟಿಸಿಕೊಂಡೇ ಸ್ಟೇಷನ್ ಮುಟ್ಟಿಸಬಹುದಿತ್ತು.

ರಿಟೈರಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂತರೆ ಸೊಪ್ಪು ಬಿಡಿಸುವ ಕೆಲಸ ಖಾಯಮ್ಮಾಗುತ್ತದೆಂಬ ಭಯಕ್ಕೆ ನಾನು ಈ ಮೌಖಿಕ ಇತಿಹಾಸದ ಉಸಾಬರಿಗೆ ಒಪ್ಪಿಕೊಂಡವನು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ದುಡಿದು ನಿವೃತ್ತರಾದವರ ಮನೆಗೆ ಹೋಗುವುದು, ಮೊಬೈಲನ್ನು ಟೀಪಾಯಿಯ ಮೇಲಿಟ್ಟು ಅವರನ್ನು ಮಾತಿಗೆಳೆಯುವುದು, ಆಮೇಲೆ ಅದನ್ನು ಬರೆದಿಡುವುದು. ಕುಲಪತಿಗಳ ಭಾಷಣ ಅಚ್ಚಾಗಿರುತ್ತದೆ. ಸಿಂಡಿಕೇಟಿನ ನಡಾವಳಿ ಕಡತದಲ್ಲಿರುತ್ತದೆ. ಟಪ್ಪಾಲು ಹೊತ್ತವರು, ಸ್ಟೆನ್ಸಿಲ್ ಕತ್ತರಿಸಿದವರು, ಪ್ರಶ್ನೆಪತ್ರಿಕೆಯ ಲಕೋಟೆಗೆ ಅರಗು ಕಾಯಿಸಿ ಬೆರಳು ಸುಟ್ಟುಕೊಂಡವರು ಏನಂದರು ಅನ್ನುವುದು ಎಲ್ಲಿಯೂ ಇರುವುದಿಲ್ಲ.

ಇಂಥವರನ್ನು ಇಸವಿ ಕೇಳಬಾರದು. ಅವರ ಪಂಚಾಂಗವೇ ಬೇರೆ. ‘ಪುಟ್ಟಪ್ಪನವರ ಕಾಲ’ ಎಂದರೆ ಕುವೆಂಪು ಕುಲಪತಿಗಳಾಗಿದ್ದ 1956ರಿಂದ 1960. ‘ದೇಜಗೌ ಕಾಲ’ ಎಂದರೆ 1969ರಿಂದಾಚೆಗೆ ಆರು ವರ್ಷ. ಉಳಿದ ಕುಲಪತಿಗಳನ್ನೆಲ್ಲ ತಮ್ಮ ಮನೆಯ ಆಗುಹೋಗುಗಳಿಗೆ ತಗುಲಿಹಾಕಿ ಇಟ್ಟುಕೊಂಡಿರುತ್ತಾರೆ: ದೊಡ್ಡ ಮಗಳು ಹುಟ್ಟಿದಾಗ ಇದ್ದವರು, ಸೈಕಲ್ ಕಳುವಾದಾಗ ಇದ್ದವರು, ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಬಂದಾಗ ಇದ್ದವರು. ಸೈಕಲ್ ಕಳುವಾದದ್ದು ಯಾವಾಗ ಎಂದು ಕೇಳಿದರೆ, “ಹೇಳಿದೆನಲ್ಲ ಸ್ವಾಮಿ, ಆ ವೈಸ್ ಛಾನ್ಸಲರ್ ಇದ್ದಾಗ” ಎಂದು ಮತ್ತೆ ಅಲ್ಲಿಗೇ ತಂದು ನಿಲ್ಲಿಸುತ್ತಾರೆ.

ಊರುಗಳ ಇತಿಹಾಸದಲ್ಲಿ ಕಾಲ ಕಳೆದಂತೆ ಕಾಡು ಕಡಿಮೆಯಾಗುತ್ತದೆ. ಇವರ ಬಾಯಲ್ಲಿ ಅದು ಬೆಳೆಯುತ್ತದೆ. ಕುಕ್ಕರಹಳ್ಳಿ ಕೆರೆಯ ಆಚೆ ಕುವೆಂಪು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯನ್ನು ಕಟ್ಟಿ, ಅವರೇ ಹೆಸರಿಟ್ಟದ್ದು 1960ರಲ್ಲಿ. ಮೊದಲು ಮಾತಾಡಿಸಿದವರು, ಆಗ ಅಲ್ಲಿ ಕುರುಚಲು ಗಿಡ, ಹಾವು ಇತ್ತು ಎಂದರು. ಇನ್ನೊಬ್ಬರ ಪ್ರಕಾರ ನರಿಗಳೂ ಇದ್ದವು. ಮತ್ತೊಂದು ಮನೆಯಲ್ಲಿ ಚಿರತೆ ಬಂತು. ಮಾಜಿ ವಾಚ್‌ಮನ್ ಒಬ್ಬರ ಮನೆಯಲ್ಲಿ ಹುಲಿಯೇ ಎದ್ದು ನಿಂತಿತು. ರಾಜಕುಮಾರಿಯೊಬ್ಬರಿಗೆಂದು ಕಟ್ಟಿಸಿದ ಜಯಲಕ್ಷ್ಮಿ ವಿಲಾಸ ಆಗಲೂ ಅಲ್ಲೇ ಇತ್ತಲ್ಲ, ಹುಲಿಯ ನಡುವೆ ರಾಜಕುಮಾರಿ ಹೇಗಿದ್ದರು ಎಂದೆ. “ಅರಮನೆಯೋರ್ಗೆ ಬಂದೂಕಿತ್ತು ಸಾರ್, ನಮ್ಗೇನಿತ್ತು? ಲಾಟೀನು” ಎಂದರು. ಈ ಉತ್ತರದ ಮುಂದೆ ಯಾವ ದಾಖಲೆಯನ್ನು ತಂದಿಡಲಿ?

ಓಲೆಗರಿಯ ಕೆಲಸ ಮಾಡಿದವರೊಬ್ಬರು ಮಾತ್ರ ಒಂದು ಪ್ರಾಣಿಯನ್ನೂ ಸೇರಿಸಲಿಲ್ಲ. ಅವರು ಇದ್ದದ್ದು ಓರಿಯಂಟಲ್ ಲೈಬ್ರರಿಯಲ್ಲಿ. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರಲ್ಲ, ಆ ಸಂಸ್ಥೆ. ಈಗ ಅದರ ಹೆಸರು ಪ್ರಾಚ್ಯವಿದ್ಯಾ ಸಂಶೋಧನಾಲಯ. ಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರ ಮಾಸಿದರೆ ಮಸಿ ಬಳಿದು ಒರೆಸಬೇಕು. ಮಸಿ ಗೀರಿನೊಳಗೆ ಕೂತು ಅಕ್ಷರ ಎದ್ದು ಕಾಣುತ್ತದೆ. ಮೇಲೆ ನಿಂಬೆಹುಲ್ಲಿನ ವಾಸನೆಯ ಎಣ್ಣೆ ಸವರಿದರೆ ಹುಳು ಹತ್ತಿರ ಬರುವುದಿಲ್ಲ. ಇದನ್ನು ಹೇಳುವಾಗ ಅವರ ಬೆರಳುಗಳು ತಾವಾಗಿಯೇ ಟೀಪಾಯಿಯ ಅಂಚನ್ನು ಒರೆಸುತ್ತಿದ್ದವು. ಹೆಣ್ಣು ನೋಡಲು ಹೋದಾಗ ಹುಡುಗಿಯ ಅಜ್ಜಿ ಇವರ ಕಪ್ಪು ಬೆರಳು ನೋಡಿ, ಹುಡುಗ ಯೂನಿವರ್ಸಿಟಿ ಎಂದು ಸುಳ್ಳು ಹೇಳಿ ಸೈಕಲ್ ಷಾಪಿನವನನ್ನು ಕರಕೊಂಡು ಬಂದಿದ್ದಾರೆ ಎಂದು ಎದ್ದು ಹೋದರಂತೆ. ಮೂಸಿ ನೋಡಿದ ಮೇಲೆ ಸಂಬಂಧ ಕುದುರಿತು, ಗ್ರೀಸಿಗೆ ಆ ಘಮ ಎಲ್ಲಿಂದ ಬರಬೇಕು? ಆ ಮನೆಗೆ ಈಗಲೂ ಸೊಳ್ಳೆ ಬರುವುದಿಲ್ಲವಂತೆ. ಇದನ್ನು ನಂಬಲು ನನಗೆ ಯಾವ ಸಾಕ್ಷಿಯೂ ಬೇಡ.

ಇನ್ನು ಆಫೀಸಿನವರು. ಸೆಕ್ಷನ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ಒಬ್ಬರ ಮನೆಗೆ ಹೋದೆ. ಎಂಬತ್ತು ದಾಟಿದ್ದರೂ ಗಟ್ಟಿ ಆಳು. ನಾನು ಬರುವ ಸುದ್ದಿ ತಿಳಿದು ಜರಿ ಪಂಚೆ ಉಟ್ಟು, ಶಲ್ಯ ಹೊದ್ದು ಕೂತಿದ್ದರು. ಮೊಬೈಲಿನ ಕೆಂಪು ಚುಕ್ಕೆ ಬೆಳಗಿದ್ದೇ ತಡ, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು: “ಸದರಿ ವಿಶ್ವವಿದ್ಯಾನಿಲಯವು ನಾಲ್ವಡಿ ಕೃಷ್ಣರಾಜ ಒಡೆಯರವರಿಂದ 1916ನೇ ಇಸವಿ ಜುಲೈ ಮಾಹೆ 27ರಂದು ಸ್ಥಾಪಿತವಾಗಿದ್ದು, ಪ್ರಥಮ ಕುಲಪತಿಗಳಾಗಿ ಶ್ರೀ ಎಚ್.ವಿ. ನಂಜುಂಡಯ್ಯನವರು...” ತಮ್ಮ ಮದುವೆಯನ್ನೂ “ಮೇಲ್ಕಂಡ ಅವಧಿಯಲ್ಲಿ ಜರುಗಿರುತ್ತದೆ” ಎಂದು ಒಂದೇ ವಾಕ್ಯದಲ್ಲಿ ವಿಲೇವಾರಿ ಮಾಡಿದರು. ಅಡುಗೆಮನೆಯಿಂದ ಯಾರೋ ನಕ್ಕ ಸದ್ದು ಕೇಳಿತು.

1964ರ ಮಾತು ಬಂದಾಗ ಮಾತ್ರ ಸದರಿ, ಮೇಲ್ಕಂಡ ಎರಡೂ ಬಿದ್ದುಹೋದವು. ಆ ವರ್ಷ ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆಯಾಯಿತು. ಅಲ್ಲಿಯ ಕಾಲೇಜುಗಳಿಗೆ ಸೇರಿದ ದಫ್ತರವನ್ನೆಲ್ಲ ವಿಂಗಡಿಸಿ, ಗಂಟು ಕಟ್ಟಿ, ಲಾರಿಗೆ ಹಾಕಿಸುವ ಕೆಲಸ ಇವರ ಪಾಲಿಗೆ ಬಂತಂತೆ. ಕೆಂಪು ಮಸಿಯಲ್ಲಿ ತಾವೇ ಗೆರೆ ಎಳೆದು ಸಿದ್ಧಮಾಡಿದ್ದ ಒಂದು ರಿಜಿಸ್ಟರನ್ನು ಗೋಣಿಯಲ್ಲಿ ಸುತ್ತಿ, ದಬ್ಬಳದಲ್ಲಿ ಹೊಲಿದು, ಮಗಳನ್ನು ಅತ್ತೆಮನೆಗೆ ಕಳಿಸಿದ ಹಾಗೆ ಕಳಿಸಿಕೊಟ್ಟರಂತೆ. ವಾರದ ಮೇಲೆ ಸ್ವೀಕೃತಿ ಬಂತು: ‘ಹಳೆಯ ಪುಸ್ತಕ – 1.’

“ಹಳೆಯ ಪುಸ್ತಕ ಅಂತೆ ಕಣ್ರೀ! ಆವತ್ತು ರಾತ್ರಿ ನಾನು ಊಟ ಮಾಡ್ಲಿಲ್ಲ.”

“ಮಾಡಿದ್ರು,” ಎಂದಿತು ಅಡುಗೆಮನೆ. “ಎರಡು ಸಲ ಹುಳಿ ಹಾಕಿಸ್ಕೊಂಡ್ರು. ನುಗ್ಗೇಕಾಯಿ ಹುಳಿ.”

“ಅವಳ ಮಾತು ಬರ್ಕೋಬೇಡಿ.”

ಬರೆದುಕೊಂಡೆ. ಅಲ್ಲಿಂದಾಚೆ ಮಂಗಳೂರು ಬೇರೆಯಾಗಿ 1980ರಲ್ಲಿ, ಶಿವಮೊಗ್ಗದ ಕಡೆಯದು ಕುವೆಂಪು ವಿಶ್ವವಿದ್ಯಾನಿಲಯವಾಗಿ 1987ರಲ್ಲಿ ಹೋದಾಗಲೂ ಗಂಟು ಕಟ್ಟುವ ಕೆಲಸ ನಡೆಯಿತು. ಅಷ್ಟು ಹೊತ್ತಿಗೆ ಇವರಿಗೆ ಅನುಭವ ಬಂದಿತ್ತು, ಗೆರೆ ಎಳೆಯುವುದನ್ನು ಬಿಟ್ಟಿದ್ದರು.

ಒಂದು ಗಂಟೆ ದಾಟಿದ ಮೇಲೆ ಅವರು ಮೊಬೈಲಿನ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. “ಅದನ್ನ ಆಫ್ ಮಾಡಿ, ಹೇಳ್ತೀನಿ.” ಈ ಮಾತು ನನಗೆ ಎಲ್ಲ ಮನೆಗಳಲ್ಲೂ ಎದುರಾಗಿದೆ. ಆಫ್ ಮಾಡಿದ ಮೇಲೆಯೇ ಇತಿಹಾಸ ಕಾಲು ಚಾಚಿ ಕೂರುವುದು. ಒಂದೇ ಫ್ಯಾನಿನ ಕೆಳಗೆ ಕೂರುವ ಹಕ್ಕಿಗಾಗಿ ಮಾತು ಬಿಟ್ಟ ಇಬ್ಬರು ವಿದ್ವಾಂಸರು, ನಡುವೆ ಚೀಟಿ ಹಿಡಿದು ಓಡಾಡಿದ ಅಟೆಂಡರು, ಘಟಿಕೋತ್ಸವದ ಗೌನನ್ನು ಹಿಂದೆ ಕೊಡದೆ ಚಳಿಗೆ ಹೊದ್ದುಕೊಂಡ ಹಾಸ್ಟೆಲ್ ಹುಡುಗ. ಇನ್ನೂ ಇವೆ. ಆಫ್ ಮಾಡಿದ್ದೇನೆಂದು ಮಾತು ಕೊಟ್ಟಿರುವುದರಿಂದ ಇಲ್ಲಿ ಬರೆಯುವ ಹಾಗಿಲ್ಲ. ಹೀಗಾಗಿ ನನ್ನ ಬಳಿ ಈಗ ಎರಡು ವಿಶ್ವವಿದ್ಯಾನಿಲಯಗಳಿವೆ. ಒಂದು ಮೊಬೈಲಿನಲ್ಲಿದೆ, ಗೌರವಸ್ಥವಾಗಿದೆ. ಇನ್ನೊಂದನ್ನು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಬ್ಬನೇ ನಗುತ್ತ ಹೋಗುವಾಗ ಜನ ನನ್ನ ಮುಖದಲ್ಲಿ ನೋಡಿ ಗಾಬರಿಯಾಗುತ್ತಾರೆ.

ಬರೆದದ್ದನ್ನು ಓದಿ ಹೇಳಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಮತ್ತೆ ಸೂಪರಿಂಟೆಂಡೆಂಟರ ಮನೆಗೆ ಹೋಗಿದ್ದೆ. ಅವರು ಕನ್ನಡಕ ಏರಿಸಿ, ಪ್ರತಿ ಪುಟದ ಕೆಳಗೂ ಚಿಕ್ಕ ಸಹಿ, ಕೊನೆಗೆ ದೊಡ್ಡ ಸಹಿ, ಅದರಡಿ ತಾರೀಖು ಹಾಕಿದರು. ಮನೆಯಾಕೆ ಕಾಫಿ ಲೋಟ ಇಟ್ಟು ಅಲ್ಲೇ ನಿಂತರು.

“ನಾನೂ ಮಾತಾಡಿದೀನಲ್ಲ, ನನಗೆ ಫಾರಂ ಇಲ್ವಾ?”

ಹೆಚ್ಚಿಗೆ ಒಂದು ಇತ್ತು, ಕೊಟ್ಟೆ. ಹೆಸರು ಬರೆದರು, ವಿಳಾಸ ಬರೆದರು. ‘ನಿವೃತ್ತಿಯ ವೇಳೆಗೆ ಹುದ್ದೆ’ ಎಂಬಲ್ಲಿ ಪೆನ್ನು ನಿಂತಿತು.

“ಇವರದ್ದಕ್ಕಿಂತ ಒಂದು ಮೇಲಿನದು ಯಾವುದು?”

“ಅಸಿಸ್ಟೆಂಟ್ ರಿಜಿಸ್ಟ್ರಾರ್,” ಎಂದೆ.

“ಅದಾದ್ರೆ ಸಾಕು,” ಎಂದು ದುಂಡಗೆ ಬರೆದು ಸಹಿ ಹಾಕಿದರು. ಸೂಪರಿಂಟೆಂಡೆಂಟರು ಅದರ ಮೇಲೂ ಒಂದು ಚಿಕ್ಕ ಸಹಿ ಹಾಕಿ ಮುಂದಕ್ಕೆ ಕಳಿಸಿದರು.