ಕೇಣಿ ಕಡಲತೀರದಲ್ಲಿ ಹಾಸ್ಯೋತ್ಪತ್ತಿ: ಒಂದು ಮನೋ-ಸಾಮಾಜಿಕ-ಮತ್ಸ್ಯಶಾಸ್ತ್ರೀಯ ವಿವೇಚನೆ

ನಗು ಎಂದರೆ ದಂತಪಂಕ್ತಿಯ ಅನೈಚ್ಛಿಕ ಸಾರ್ವಜನಿಕ ಅನಾವರಣ. ಈ ವ್ಯಾಖ್ಯೆಯನ್ನು ಪ್ರಬಂಧಕಾರರೇ ರಚಿಸಿದ್ದು, ಇದನ್ನು ಕೇಳಿ ಕೇಣಿಯ ಪಕ್ಕದ ಅಂಕೋಲೆಯಲ್ಲಿ ಯಾರೂ ನಗಲಿಲ್ಲ. ಹೀಗಾಗಿ ಇದು ಶಾಸ್ತ್ರೀಯವೆಂದು ಸಿದ್ಧವಾಯಿತು.

ಪೂರ್ವಸೂರಿಗಳ ಪರಾಮರ್ಶೆ: ಭರತಮುನಿಯ ಪ್ರಕಾರ ಹಾಸ ಆರು ಬಗೆ. ಹಲ್ಲು ಕಾಣದ ಸ್ಮಿತ ಉತ್ತಮರದ್ದು, ಅಪಹಸಿತ ಅತಿಹಸಿತಗಳು ಅಧಮರದ್ದು. ಕೇಣಿಯ ಮೀನು ಮಾರುವ ಹೆಂಗಸರು ನಕ್ಕರೆ ಅಂಕೋಲೆ ಬಸ್‌ಸ್ಟ್ಯಾಂಡಿಗೆ ಕೇಳುವುದರಿಂದ ಅವರ ದರ್ಜೆಯನ್ನು ಮುನಿಗಳೇ ತೀರ್ಮಾನಿಸಿಬಿಟ್ಟಿದ್ದಾರೆ. 1790ರಲ್ಲಿ ಕಾಂಟ್, ಬಿಗಿದ ನಿರೀಕ್ಷೆ ಥಟ್ಟನೆ ಶೂನ್ಯವಾದಾಗ ನಗು ಹುಟ್ಟುತ್ತದೆ ಎಂದ. ಕ್ಷೇತ್ರಕಾರ್ಯದಲ್ಲಿ ಪರೀಕ್ಷಿಸಲಾಯಿತು. ರಾತ್ರಿಯಿಡೀ ಬಲೆ ಬಿಟ್ಟವನಿಗೆ ಬಂಗಡೆಯ ಬದಲು ಅಂಬಲಿಯಂಥ ಜೆಲ್ಲಿಮೀನು ಬಂತು. ಅವನು ನಗಲಿಲ್ಲ, ಬೈದ. ಬೈದದ್ದು ಅಚ್ಚಿಗೆ ಯೋಗ್ಯವಲ್ಲ. ಪಕ್ಕದ ದೋಣಿಯವನು ಮಾತ್ರ ಬಿದ್ದು ಬಿದ್ದು ನಕ್ಕ. ಪರರ ಸೋಲಿನಲ್ಲಿ ನಮಗೆ ಹಠಾತ್ತನೆ ಹೊಳೆಯುವ ಹಿರಿಮೆಯೇ ನಗು ಎಂದ ಹಾಬ್ಸ್‌ಗೆ ಒಂದು ಅಂಕ.

ವರ್ಗೀಕರಣ: (ಅ) ಚೌಕಾಸಿಯ ನಗು, ಗಿರಾಕಿ ಅರ್ಧ ಬೆಲೆಗೆ ಕೇಳಿದಾಗ ಹುಟ್ಟುವುದು. (ಆ) ಅದೇ ಗಿರಾಕಿ ಬೆನ್ನು ತಿರುಗಿಸಿದ ಮೇಲಿನದು. (ಇ) ನಗುತ್ತಿರುವ ಕಾರಣ ಮರೆತರೂ ಮುಂದುವರಿಯುವುದು. (ಈ)ಯಿಂದ (ಅಃ)ವರೆಗಿನವನ್ನು ಪ್ರಬಂಧಕಾರರಿಗೆ ಬೇಸರ ಬಂದ ಕಾರಣ ಕೈಬಿಡಲಾಗಿದೆ. ಅಂಕೋಲೆಯವರೇ ಆದ ದಿನಕರ ದೇಸಾಯಿಯವರು ಚುಟುಕದ ನಾಲ್ಕು ಸಾಲಿನಲ್ಲಿ ಮುಗಿಸುತ್ತಿದ್ದುದನ್ನು ಇಷ್ಟುದ್ದ ಎಳೆಯುವುದಕ್ಕೇ ಸಂಶೋಧನೆ ಎನ್ನುವುದು.

ಒಂಟಿಯಾಗಿದ್ದಾಗಿನದಕ್ಕಿಂತ ಜೊತೆಯಲ್ಲಿದ್ದಾಗ ಮನುಷ್ಯ ಮೂವತ್ತು ಪಟ್ಟು ಹೆಚ್ಚು ನಗುತ್ತಾನೆಂದು ಅಮೆರಿಕದ ರಾಬರ್ಟ್ ಪ್ರೊವೈನ್ ಕಂಡುಕೊಂಡರು. ಅಂದರೆ ನಗುವಿಗೆ ಜನ ಸೇರಬೇಕು. 2023ರಲ್ಲಿ ಕೇಣಿಗೆ 4,119 ಕೋಟಿ ರೂಪಾಯಿಯ ಬಂದರು ಮಂಜೂರಾಯಿತು. 2025ರಲ್ಲಿ ಮೀನುಗಾರರು ವಿರೋಧಿಸಿ ನಿಂತಾಗ ನಿಷೇಧಾಜ್ಞೆಯೂ ಬಂತು. ಐದು ಜನ ಸೇರಿದರೆ ಅಕ್ರಮಕೂಟವಾಗುವಲ್ಲಿ ನಗುವಿನ ವೈಜ್ಞಾನಿಕ ಭವಿಷ್ಯವೇನು?

ಇಲ್ಲಿಂದ ಮುಂದೆ ನನಗೆ ಪರಿಭಾಷೆ ಸಾಗುತ್ತಿಲ್ಲ. ದೋಣಿ ಎಳೆಯುವವನಿಗೆ 'ಯೋಜನಾಬಾಧಿತ ವ್ಯಕ್ತಿ' ಎಂದು ಹೆಸರಿಡುತ್ತಾರಲ್ಲ, ಅವನ ಕಡಲನ್ನು ಕಿತ್ತುಕೊಳ್ಳುವುದಕ್ಕೆ 'ಪರಿಣಾಮ ನಿರ್ವಹಣೆ' ಎನ್ನುತ್ತಾರಲ್ಲ, ಇಂಥ ಮಾತಿಗೆ ನಾಚಿಕೆ ಬೇಡವೇ? ಪಕ್ಕದಲ್ಲೇ ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟವರು ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದರು. ಆ ಕತೆ ಕೇಳುತ್ತಲೇ ಬೆಳೆದವರಿಗೆ 'ಉದ್ಯೋಗಾವಕಾಶ' ಎಂದರೆ ನಗು ಬರದೆ ಇನ್ನೇನು ಬರಬೇಕು? ಅರವತ್ತು ದಾಟಿದ, ಬುಟ್ಟಿ ಹೊತ್ತು ನೆತ್ತಿ ಸವೆದ ಹೆಂಗಸಿಗೆ ಬಂದರಿನಲ್ಲಿ ಯಾವ ಉದ್ಯೋಗ?

ಅಂಥವರೊಬ್ಬರಿಗೆ ನನ್ನ ಪ್ರಶ್ನಾವಳಿ ಓದಿ ಹೇಳಿದೆ: ನೀವು ಏಕೆ ನಗುತ್ತೀರಿ? ಸೂಕ್ತ ಉತ್ತರಕ್ಕೆ ಗುರುತು ಹಾಕಿ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, "ಎಂತಾ ತಮಾ, ಇದನ್ನ ಬರದ್ರೆ ನಿಂಗೆ ದುಡ್ಡು ಕೊಡ್ತರಾ?" ಎಂದರು. ಇಲ್ಲ ಎಂದೆ. ಆಗ ನಕ್ಕರು ನೋಡಿ, ವರ್ಗ (ಇ).